ನಾಲ್ಕು ಅಂಕದ ಪ್ರಬಂಧ

ನನ್ನ ಹಿರಿಯ ಮಿತ್ರರೊಬ್ಬರು, ನಿವೃತ್ತ ಹೆಡ್ಮಾಸ್ತರರು, ಈಚೆಗೆ ಒಂದು ಶಿಕ್ಷಕರ ಸಭೆಯಲ್ಲಿ ಮಾತನಾಡುತ್ತ, ಎಸ್.ಎಸ್.ಎಲ್.ಸಿ. ಇಂಗ್ಲಿಷ್ ಪರೀಕ್ಷೆಯಲ್ಲಿ ಮಕ್ಕಳು ಬರೆಯುವ ಪ್ರಬಂಧ, ಪತ್ರಗಳಿಗೆ ಅಂಕ ಕೊಡುವಾಗ ಆಗುವ ಅನ್ಯಾಯಗಳೆಲ್ಲ ಒಂದೇ ಮದ್ದಿನಿಂದ ವಾಸಿಯಾಗುತ್ತವೆ ಎಂದು ಸಾರಿದರು. ಆ ಮದ್ದಿನ ಹೆಸರು ‘ಕೀ’. ಅಂದರೆ ಉತ್ತರಸೂಚಿ. ಕೀಯನ್ನು ಬಿಗಿಯಾಗಿ ಬರೆಯಬೇಕು. ಅರ್ಧ ಅಂಕ, ಕಾಲು ಅಂಕದ ಮಟ್ಟಕ್ಕೂ ಇಂಥದಕ್ಕೆ ಇಷ್ಟು ಎಂದು ಗೊತ್ತುಮಾಡಬೇಕು. ಪರೀಕ್ಷಕನಿಗೆ ಸ್ವಂತ ಬುದ್ಧಿ ಉಪಯೋಗಿಸುವ ಅವಕಾಶವನ್ನೇ ಕೊಡಕೂಡದು. ಆಗ ಯಾರು ತಿದ್ದಿದರೂ ಒಂದೇ ಅಂಕ ಬರುತ್ತದೆ ಎಂಬುದು ಅವರ ವಾದ. ಸಭೆಯಲ್ಲಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಹಿರಿಯರು, ಒಳ್ಳೆಯವರು, ಮಿಗಿಲಾಗಿ ಸಭೆ ಮುಗಿದ ಮೇಲೆ ನನ್ನನ್ನು ತಮ್ಮ ಸ್ಕೂಟರಿನಲ್ಲಿ ಮನೆಗೆ ಬಿಡುವವರಿದ್ದರು. ಮನೆಗೆ ಬಂದು ಕೈಕಾಲು ತೊಳೆದು ಕುಳಿತ ಮೇಲೆ ಮಾತ್ರ, ಒಪ್ಪದ ಮಾತಿಗೆ ಚಪ್ಪಾಳೆ ತಟ್ಟಿದೆನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯ ಫಲ ಈ ಲೇಖನ.

ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನು. ಅದರಲ್ಲಿ ಸುಮಾರು ಇಪ್ಪತ್ತು ಬೇಸಗೆಗಳನ್ನು ಮೌಲ್ಯಮಾಪನ ಕೇಂದ್ರಗಳ ಬೆಂಚುಗಳ ಮೇಲೆ ಕಳೆದಿದ್ದೇನೆ. ಆ ಕೆಲಸವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಏಪ್ರಿಲ್ ತಿಂಗಳ ಬಿಸಿಲು. ಯಾವುದೋ ಶಾಲೆಯ ಕೊಠಡಿ. ಫ್ಯಾನು ಇದ್ದರೆ ಕಾಗದ ಹಾರುತ್ತದೆ, ನಿಲ್ಲಿಸಿದರೆ ಬೆವರು ಕಾಗದದ ಮೇಲೆ ಬೀಳುತ್ತದೆ. ಎದುರಿಗೆ ಉತ್ತರಪತ್ರಿಕೆಗಳ ಕಟ್ಟು. ಕೈಯಲ್ಲಿ ಕೆಂಪು ಪೆನ್ನು. ಮಗುವಿನ ಹೆಸರಿಲ್ಲ, ಊರಿಲ್ಲ. ಇರುವುದು ಒಂದು ಸಂಕೇತ ಸಂಖ್ಯೆ. ಬೆಳಗಿನ ಹೊತ್ತು ಇಷ್ಟು, ಮಧ್ಯಾಹ್ನದ ಹೊತ್ತು ಇಷ್ಟು ಎಂದು ಲೆಕ್ಕ. ಮೂರು ಗಂಟೆ ಕಾಲ ಕುಳಿತು ಮಗು ಬರೆದದ್ದನ್ನು ನಾವು ಹತ್ತು ನಿಮಿಷದಲ್ಲಿ ಮುಗಿಸಬೇಕು. ಮುಗಿಸಿ, ಕೂಡಿ, ಸಹಿ ಹಾಕಿ, ಮುಂದಿನದಕ್ಕೆ ಕೈಹಾಕಬೇಕು. ನಾನು ತಿದ್ದುತ್ತಿದ್ದ ವರ್ಷಗಳಲ್ಲಿ ಎರಡನೆಯ ಭಾಷೆಯಾಗಿ ಇಂಗ್ಲಿಷ್ ತೆಗೆದುಕೊಂಡ ಮಗುವಿಗೆ ೮೦ ಅಂಕಗಳ ಪ್ರಶ್ನೆಪತ್ರಿಕೆ. ಅದರಲ್ಲಿ ಪತ್ರಕ್ಕೆ ೫ ಅಂಕ, ಪ್ರಬಂಧಕ್ಕೆ ೪. ಪಾಠ, ಪದ್ಯ, ವ್ಯಾಕರಣದ ಪ್ರಶ್ನೆಗಳಲ್ಲಿ ತಪ್ಪು ಸರಿ ಎಂದು ಹೇಳುವುದು ಕಷ್ಟವಲ್ಲ. ಕಷ್ಟವಿರುವುದು ಈ ಒಂಬತ್ತು ಅಂಕದಲ್ಲಿ. ಮಗು ತಾನಾಗಿ ಇಂಗ್ಲಿಷಿನಲ್ಲಿ ಏನಾದರೂ ಹೇಳಬಲ್ಲದೆ ಎಂದು ಆ ಪತ್ರಿಕೆ ಕೇಳುವ ಜಾಗಗಳಲ್ಲಿ ಮುಖ್ಯವಾದದ್ದೂ ಇದೇ. ವಿಚಿತ್ರವೆಂದರೆ ನಾವು ಅತ್ಯಂತ ಬೇಗ ದಾಟಿಹೋಗುತ್ತಿದ್ದದ್ದೂ ಇಲ್ಲಿಯೇ.

ಏಕೆ ಬೇಗ ದಾಟುತ್ತಿದ್ದೆವೆಂದರೆ, ಓದಬೇಕಾದದ್ದು ಏನೂ ಇರುತ್ತಿರಲಿಲ್ಲ. ಮರಗಳ ಮಹತ್ವ, ಸ್ವಚ್ಛತೆ, ಗ್ರಂಥಾಲಯದ ಉಪಯೋಗ, ದೂರದರ್ಶನದ ಒಳಿತು ಕೆಡುಕು, ಈಚೆಗೆ ಅದರ ಜಾಗಕ್ಕೆ ಬಂದ ಮೊಬೈಲಿನ ಒಳಿತು ಕೆಡುಕು — ಇಂಥ ಹತ್ತು ವಿಷಯಗಳ ಸುತ್ತಲೇ ಪ್ರಶ್ನೆ ತಿರುಗುವುದು ಪ್ರತಿಯೊಬ್ಬ ಉಪಾಧ್ಯಾಯನಿಗೂ ಗೊತ್ತು. ಗೈಡು ಮಾಡುವವರಿಗೆ ಇನ್ನೂ ಚೆನ್ನಾಗಿ ಗೊತ್ತು. ಒಂದು ಕಟ್ಟಿನಲ್ಲಿ ಮರಗಳ ಮೇಲಿನ ಪ್ರಬಂಧ ಹದಿಮೂರೋ ಹದಿನಾಲ್ಕೋ ಉತ್ತರಪತ್ರಿಕೆಗಳಲ್ಲಿ ಅಕ್ಷರಶಃ ಒಂದೇ ಆಗಿದ್ದುದನ್ನು ನಾನು ಕಂಡಿದ್ದೇನೆ. ನಕಲು ಮಾಡಿದ್ದಲ್ಲ; ಎಲ್ಲರೂ ಒಂದೇ ಗೈಡಿನಿಂದ ಬಾಯಿಪಾಠ ಮಾಡಿದ್ದು. ಆರನೆಯದನ್ನು ನೋಡುವ ಹೊತ್ತಿಗೆ ನನಗೂ ಅದು ಬಾಯಿಗೆ ಬಂದಿತ್ತು. ಒಬ್ಬ ಹುಡುಗ ನಡುವೆ ಒಂದು ಸಾಲು ಮರೆತಿದ್ದ. ‘ಅಯ್ಯೋ, ಇಲ್ಲಿ ಮಳೆಯ ವಿಷಯ ಬರಬೇಕಿತ್ತಲ್ಲ’ ಎಂದು ನನ್ನ ಮನಸ್ಸೇ ಅವನಿಗೆ ಎತ್ತಿಕೊಟ್ಟಿತು. ಇವರಿಗೆಲ್ಲ ಮೂರು, ಮೂರೂವರೆ ಅಂಕ. ಕೀಯಲ್ಲಿದ್ದ ಪೀಠಿಕೆ ಇತ್ತು, ವಿಷಯ ವಿಸ್ತಾರ ಇತ್ತು, ಮುಕ್ತಾಯ ಇತ್ತು, ಭಾಷೆ ಶುದ್ಧವಾಗಿತ್ತು. ಶುದ್ಧವಾಗಿರದೆ ಏನಾದೀತು? ಅದು ಮಗುವಿನ ಭಾಷೆಯಲ್ಲವಷ್ಟೆ.

ಅದೇ ಕಟ್ಟಿನಲ್ಲಿ ಇನ್ನೊಂದು ಮಗುವಿನ ಪತ್ರಿಕೆ ಬಂತು. ಹುಡುಗನೋ ಹುಡುಗಿಯೋ ಇಂದಿಗೂ ನನಗೆ ತಿಳಿಯದು. ವಿಷಯ ಅದೇ, ಮರಗಳು. ಆದರೆ ಆ ಮಗು ಮರಗಳನ್ನು ಕುರಿತು ಬರೆಯದೆ ತಮ್ಮ ಮನೆಯ ಮುಂದಿನ ಹುಣಿಸೆಮರವನ್ನು ಕುರಿತು ಬರೆದಿತ್ತು. ರಸ್ತೆ ಅಗಲ ಮಾಡಲು ಅದನ್ನು ಕಡಿದರಂತೆ. ‘ನೌ ಸನ್ ಈಸ್ ಕಮಿಂಗ್ ಇನ್‌ಸೈಡ್ ಹೌಸ್. ಗ್ರಾಂಡ್‌ಮದರ್ ವೇರ್ ಟು ಸಿಟ್?’ ಎಂದು ಒಂದು ಕಡೆ ಇತ್ತು. ಬಿಸಿಲು ಮನೆಯೊಳಕ್ಕೆ ಬರುತ್ತಿದೆ, ಅಜ್ಜಿ ಎಲ್ಲಿ ಕೂರಬೇಕು ಎಂದು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನ ಅಂಗಿ ತೊಡಿಸಿದ ವಾಕ್ಯ. ಅಂಗಿ ಸರಿಯಾಗಿ ಕೂತಿರಲಿಲ್ಲ. ಎಂಟೋ ಒಂಬತ್ತೋ ಸಾಲು. ಅದರಲ್ಲಿ ಏಳು ಕಡೆ ನಾನು ಕೆಂಪು ಗೆರೆ ಎಳೆದೆ. ಪೀಠಿಕೆ ಇಲ್ಲ. ಮುಕ್ತಾಯವೂ ಇಲ್ಲ, ಅಜ್ಜಿ ಈಗ ಗುಡಿಯ ಕಟ್ಟೆಯ ಮೇಲೆ ಹೋಗಿ ಕೂರುತ್ತಾಳೆ ಎಂಬಲ್ಲಿಗೆ ಬರಹ ನಿಂತುಬಿಟ್ಟಿತ್ತು. ಮರಗಳನ್ನು ಬೆಳೆಸಬೇಕು ಎಂಬ ಉಪದೇಶ ಬರಲೇ ಇಲ್ಲ. ಕೀ ನೋಡಿದೆ. ಒಂದು ಅಂಕ ಹಾಕಿದೆ.

ನನ್ನ ಪಕ್ಕದ ಬೆಂಚಿನಲ್ಲಿ ಬೇರೆ ತಾಲ್ಲೂಕಿನ ಒಬ್ಬ ಉಪಾಧ್ಯಾಯಿನಿ ಕುಳಿತಿದ್ದರು. ನಾನು ನಗುತ್ತ ಆ ಪುಟವನ್ನು ಅವರ ಕಡೆ ತಿರುಗಿಸಿದೆ. ವಿನೋದಕ್ಕೆಂದೇ ತಿರುಗಿಸಿದೆ, ಮುಚ್ಚಿಡುವುದೇಕೆ. ಅವರು ಓದಿದರು. ನಗಲಿಲ್ಲ. “ಏನ್ ಸಾರ್ ಇದು, ಬೆಳಗಿನಿಂದ ನಾನು ತಿದ್ದಿರೋದರಲ್ಲಿ ತಾನಾಗಿ ಬರೆದ ಮಗು ಇದೊಂದೇ. ಒಂದು ಅಂಕ ಹಾಕಿದ್ದೀರಲ್ಲ!” ಎಂದರು. “ಮೇಡಂ, ಕೀ ನೋಡಿ” ಎಂದೆ. “ಕೀ ಬರೆದವರು ಈ ಮಗುವನ್ನ ನೋಡಿಲ್ಲ ಸಾರ್” ಎಂದರು. ನಮ್ಮ ಮೇಲಿನ ಉಪಮುಖ್ಯ ಮೌಲ್ಯಮಾಪಕರು ಬಂದರು, ಊಟದ ಹೊತ್ತಾಗಿತ್ತು, ವಾದ ಕೇಳಿ, “ಎರಡು ಕೊಟ್ಟು ಮುಗಿಸಿ ಮೇಷ್ಟ್ರೇ” ಎಂದರು. ಎರಡು ಆಯಿತು. ಆ ಉಪಾಧ್ಯಾಯಿನಿಯ ಕೈಗೆ ಕಟ್ಟು ಹೋಗಿದ್ದರೆ ಮೂರಾಗುತ್ತಿತ್ತು. ಅವರು ಆ ದಿನ ರಜೆ ಹಾಕಿದ್ದರೆ ಒಂದೇ ಉಳಿಯುತ್ತಿತ್ತು. ಮಗುವಿನ ಬರಹದಲ್ಲಿ ಇದಾವುದಕ್ಕೂ ಕಾರಣವಿರಲಿಲ್ಲ.

ಇದು ನನ್ನೊಬ್ಬನ ಕಥೆಯಾಗಿದ್ದರೆ, ಮುದುಕ ಮೇಷ್ಟರ ಪಶ್ಚಾತ್ತಾಪವೆಂದು ವಾಚಕರು ಪುಟ ತಿರುವಿಬಿಡಬಹುದಿತ್ತು. ಆದರೆ ಈ ರೋಗದ ತಪಾಸಣೆ ನೂರು ವರ್ಷಕ್ಕೂ ಹಿಂದೆಯೇ ಆಗಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬಿಬ್ಬರು ೧೯೧೨ರಲ್ಲಿ ಒಂದು ಕೆಲಸ ಮಾಡಿದರು. ಹೈಸ್ಕೂಲಿನ ಇಬ್ಬರು ಮಕ್ಕಳು ಬರೆದ ಇಂಗ್ಲಿಷ್ ಉತ್ತರಪತ್ರಿಕೆಗಳ ಪ್ರತಿ ತೆಗೆದು ೨೦೦ ಶಾಲೆಗಳಿಗೆ ಕಳುಹಿಸಿ, ನೂರಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಸರಿಯಾಗಿ ತಿದ್ದಿ ಹಿಂದಕ್ಕೆ ಬಂದವು ೧೪೨. ಮೊದಲನೆಯ ಪತ್ರಿಕೆಗೆ ಬಂದ ಅಂಕಗಳು ೬೪ರಿಂದ ೯೮ರವರೆಗೆ. ಎರಡನೆಯದಕ್ಕೆ ೫೦ರಿಂದ ೯೭ರವರೆಗೆ. ಅದೇ ಕಾಗದ, ಅದೇ ಅಕ್ಷರ, ಅದೇ ಮಗು. ‘ಇಂಗ್ಲಿಷ್ ಎಂದರೆ ಹಾಗೆಯೇ, ಗಣಿತದಲ್ಲಿ ಹೀಗಾಗದು’ ಎಂದು ಜನ ಹೇಳಿದರು. ಅವರು ಮರುವರ್ಷ ಒಂದು ರೇಖಾಗಣಿತದ ಪತ್ರಿಕೆಯನ್ನೂ ಕಳುಹಿಸಿದರು. ಅಲ್ಲಿ ೨೮ರಿಂದ ೯೫ರವರೆಗೆ ಅಂಕ ಬಂತು. ನಮ್ಮ ಗಣಿತದ ಮೇಷ್ಟರುಗಳು ಈ ಸಾಲನ್ನು ಎರಡು ಸಲ ಓದಬೇಕೆಂದು ಕೋರುತ್ತೇನೆ.

ಬೇರೆ ಬೇರೆ ಪರೀಕ್ಷಕರು ಬೇರೆ ಬೇರೆ ಅಂಕ ಕೊಡುವುದು ಹಾಗಿರಲಿ. ಒಬ್ಬನೇ ಪರೀಕ್ಷಕ ತನ್ನೊಡನೆ ತಾನಾದರೂ ಒಪ್ಪುತ್ತಾನೆಯೆ? ಇದನ್ನು ಇಂಗ್ಲೆಂಡಿನಲ್ಲಿ ಸರ್ ಫಿಲಿಪ್ ಹಾರ್ಟಾಗ್ ಮತ್ತು ರೋಡ್ಸ್ ಎಂಬ ಪಂಡಿತರು ನೋಡಿ ೧೯೩೫ರಲ್ಲಿ ಪ್ರಕಟಿಸಿದರು. ಈ ಹಾರ್ಟಾಗ್ ನಮಗೆ ಅಪರಿಚಿತರಲ್ಲ. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು, ೧೯೨೯ರಲ್ಲಿ ನಮ್ಮ ದೇಶದ ಶಿಕ್ಷಣವನ್ನು ಕುರಿತು ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು. ಅವರು ತೆಗೆದುಕೊಂಡದ್ದು ಚರಿತ್ರೆಯ ೧೫ ಉತ್ತರಪತ್ರಿಕೆಗಳು. ಒಂದು ವರ್ಷ, ಒಂದೂವರೆ ವರ್ಷದ ಅಂತರದಲ್ಲಿ ೧೪ ಮಂದಿ ಪರೀಕ್ಷಕರು ಅವನ್ನೇ ಎರಡು ಸಲ ತಿದ್ದಿದರು. ಒಟ್ಟು ೨೧೦ ತೀರ್ಪುಗಳು. ಅವುಗಳಲ್ಲಿ ೯೨ ತೀರ್ಪುಗಳು ಎರಡನೆಯ ಸಲ ಬದಲಾದವು. ನಾನು ಹೇಳುತ್ತಿರುವುದು ಒಂದೆರಡು ಅಂಕದ ಮಾತಲ್ಲ. ಪಾಸೋ, ಫೇಲೋ, ಮೇಲಿನ ದರ್ಜೆಯೋ ಎಂಬ ತೀರ್ಪೇ ಬದಲಾಯಿತು. ಅವರೆಲ್ಲ ಅನುಭವಸ್ಥ ಪರೀಕ್ಷಕರು.

ಇದನ್ನು ಓದಿದ ವರ್ಷ ನಾನೂ ಒಂದು ಪರೀಕ್ಷೆ ಮಾಡಿಕೊಂಡೆ. ಶಾಲೆಯ ಕಿರುಪರೀಕ್ಷೆಯಲ್ಲಿ ನನ್ನ ಹುಡುಗರು ಬರೆದ ಪ್ರಬಂಧಗಳನ್ನು ಜುಲೈಯಲ್ಲಿ ತಿದ್ದಿ, ಅಂಕಗಳನ್ನು ಬೇರೆ ಕಾಗದದಲ್ಲಿ ಬರೆದು ಬೀರುವಿನಲ್ಲಿಟ್ಟೆ. ದಸರೆ ರಜದಲ್ಲಿ ಮತ್ತೆ ತಿದ್ದಿದೆ. ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಬೇರೆ ಯಾರೋ ತಿದ್ದಿದ್ದಾರೆ ಎಂದುಕೊಳ್ಳಬೇಕು, ಹಾಗಿತ್ತು. ಒಬ್ಬನಿಗೆ ಜುಲೈಯಲ್ಲಿ ಮೂರು, ದಸರೆಗೆ ಒಂದೂವರೆ. ಅವನ ಕಾಗದ ಎರಡನೆಯ ಸಲ ತರಗತಿಯ ಜಾಣೆಯೊಬ್ಬಳ ಕಾಗದದ ಕೆಳಗೆ ಬಂದಿತ್ತು; ಮುತ್ತಿನಂಥ ಅಕ್ಷರ ನೋಡಿದ ಕಣ್ಣಿಗೆ ಅವನ ಕಾಗೆ ಕಾಲು ಸಹಿಸಲಿಲ್ಲವೆಂದು ತೋರುತ್ತದೆ. ಈ ವಿಷಯ ನಾನು ಹುಡುಗರಿಗೆ ಹೇಳಲಿಲ್ಲ. ಹೇಳುವ ಧೈರ್ಯವಿರಲಿಲ್ಲ.

ಈಗ ಹೆಡ್ಮಾಸ್ತರರು ಕೇಳುತ್ತಾರೆ: ‘ಅದಕ್ಕೇ ಅಲ್ಲವೆ ನಾನು ಕೀ ಬಿಗಿಯಾಗಲಿ ಎಂದದ್ದು?’ ಅವರ ಮಾತಿನಲ್ಲಿ ಅರ್ಧ ನಿಜವಿದೆ. ಕೀ ಬಿಗಿಯಾದಷ್ಟೂ ಪರೀಕ್ಷಕರ ನಡುವೆ ಒಪ್ಪಿಗೆ ಹೆಚ್ಚುತ್ತದೆ. ಆದರೆ ಒಪ್ಪಿಗೆ ಯಾವುದರ ಮೇಲೆ? ಪತ್ರದ ಬಲಗಡೆಯೋ ಎಡಗಡೆಯೋ ವಿಳಾಸ ಇದೆಯೆ, ದಿನಾಂಕ ಇದೆಯೆ, ‘ಡಿಯರ್ ಸರ್’ ಆದಮೇಲೆ ಅಲ್ಪವಿರಾಮ ಇದೆಯೆ, ಪ್ರಬಂಧದಲ್ಲಿ ಮೂರು ಪ್ಯಾರಾ ಇದೆಯೆ — ಇದರ ಮೇಲೆ. ಹತ್ತು ಜನ ಒಪ್ಪುವುದು ಎಣಿಸಬಹುದಾದದ್ದರ ಮೇಲೆ. ಪತ್ರದೊಳಗೆ ಮಗು ಏನು ಹೇಳಿದೆ, ಓದಿದವನಿಗೆ ಅದು ಮುಟ್ಟೀತೆ ಎಂಬುದನ್ನು ಎಣಿಸಲಾಗದು. ಆದ್ದರಿಂದ ಕೀ ಬಿಗಿಯಾಗುತ್ತ ಹೋದಂತೆ ಅದಕ್ಕೆ ಇದ್ದ ಅಂಕ ಕರಗುತ್ತ ಹೋಗುತ್ತದೆ. ತನ್ನ ಊರಿನ ಬಸ್ಸು ಸಂಜೆ ಬರುವುದಿಲ್ಲವೆಂದು ಸಾರಿಗೆ ಅಧಿಕಾರಿಗೆ ಪತ್ರ ಬರೆಯುವ ಹುಡುಗಿ ದಿನಾಂಕ ಮರೆತರೆ ಅಂಕ ಹೋಗುತ್ತದೆ. ಬಸ್ಸು ಯಾವ ಊರಿಗೆ ಬರಬೇಕೆಂಬುದನ್ನೇ ಬರೆಯದೆ ಗೈಡಿನ ಒಕ್ಕಣೆ ಒಪ್ಪಿಸಿದವನಿಗೆ ಪೂರ್ತಿ ಅಂಕ. ಆ ಅಧಿಕಾರಿಯ ಕೈಗೆ ಎರಡು ಪತ್ರಗಳೂ ಸಿಕ್ಕಿದರೆ ಬಸ್ಸು ಯಾರ ಊರಿಗೆ ಹೋದೀತು?

ಕೀ ಎಷ್ಟೇ ಬಿಗಿಯಿರಲಿ, ಓದುವ ಮನುಷ್ಯರು ಬೇರೆ ಬೇರೆ ಜಾತಿಯವರು ಎಂಬುದನ್ನೂ ಅದು ಅಳಿಸಲಾರದು. ೧೯೬೧ರಲ್ಲಿ ಅಮೆರಿಕದ ಪಾಲ್ ಡೀಡರಿಕ್ ಮತ್ತು ಸಂಗಡಿಗರು ಹೊಸದಾಗಿ ಕಾಲೇಜು ಸೇರಿದ ವಿದ್ಯಾರ್ಥಿಗಳ ೩೦೦ ಪ್ರಬಂಧಗಳನ್ನು ೫೩ ಮಂದಿಯ ಕೈಯಲ್ಲಿ ಓದಿಸಿದರು. ಇಂಗ್ಲಿಷ್ ಅಧ್ಯಾಪಕರು, ವಿಜ್ಞಾನಿಗಳು, ಸಂಪಾದಕರು, ವಕೀಲರು, ವ್ಯಾಪಾರಸ್ಥರು ಎಲ್ಲ ಇದ್ದರು. ಬೇಕೆಂದೇ ಕೀ ಕೊಡಲಿಲ್ಲ. ಒಂಬತ್ತು ಗುಡ್ಡೆಯಾಗಿ ವಿಂಗಡಿಸಿ ಎಂದರು ಅಷ್ಟೆ. ಒಂದೇ ಒಂದು ಪ್ರಬಂಧವಾದರೂ ಐದಕ್ಕಿಂತ ಕಡಮೆ ಗುಡ್ಡೆಗಳಲ್ಲಿ ನಿಲ್ಲಲಿಲ್ಲ. ನೂರಕ್ಕೆ ೯೪ರಷ್ಟು ಪ್ರಬಂಧಗಳು ಏಳು, ಎಂಟು ಅಥವಾ ಒಂಬತ್ತು ಗುಡ್ಡೆಗಳಿಗೂ ಬಿದ್ದವು. ನನಗೆ ಮುಖ್ಯವಾಗಿ ಕಂಡದ್ದು ಈ ಸಂಖ್ಯೆಗಳಲ್ಲ. ಯಾಕೆ ಹೀಗೆ ಎಂದು ಅವರು ಲೆಕ್ಕ ಹಾಕಿ ನೋಡಿದಾಗ ಓದುಗರಲ್ಲಿ ಐದು ಬಗೆ ಕಂಡಿತು. ಒಬ್ಬನಿಗೆ ವಿಚಾರವೇ ಮುಖ್ಯ. ಒಬ್ಬನಿಗೆ ಕಾಗುಣಿತ, ವಿರಾಮಚಿಹ್ನೆ. ಒಬ್ಬನಿಗೆ ಜೋಡಣೆ. ಒಬ್ಬನಿಗೆ ಪದಗಳ ಆಯ್ಕೆ. ಇನ್ನೊಬ್ಬನಿಗೆ ಬರೆದವನ ಸ್ವಭಾವ, ಬರಹದ ಸೊಗಡು. ಇದನ್ನು ಓದಿದಾಗ ನಮ್ಮ ಮೌಲ್ಯಮಾಪನದ ಕೊಠಡಿ ಕಣ್ಣಿಗೆ ಬಂತು. ನಾನು ಕಾಗುಣಿತದವನು. ಪಕ್ಕದ ಉಪಾಧ್ಯಾಯಿನಿ ಸೊಗಡಿನವರು. ಉಪಮುಖ್ಯರು ಊಟದವರು, ಆ ಬಗೆಯನ್ನು ಡೀಡರಿಕ್ ಗಮನಿಸಿದಂತಿಲ್ಲ.

ಹಳೆಯ ಕಾಲದ ಮಾತು, ಈಗೆಲ್ಲ ಸುಧಾರಿಸಿದೆ ಎನ್ನುವವರಿಗೆ ಒಂದು ಈಚಿನ ಸಂಗತಿ. ಇಂಗ್ಲೆಂಡಿನ ಪರೀಕ್ಷೆಗಳ ಮೇಲ್ವಿಚಾರಣೆ ನಡೆಸುವ ಆಫ್‌ಕ್ವಾಲ್ ಎಂಬ ಸಂಸ್ಥೆ ೨೦೧೮ರಲ್ಲಿ ತಾನೇ ಒಂದು ವರದಿ ಪ್ರಕಟಿಸಿತು. ಹಿರಿಯ ಪರೀಕ್ಷಕನು ಕೊಡಬೇಕಾದ ದರ್ಜೆಯೇ ಮಗುವಿಗೆ ಸಿಕ್ಕುವ ಸಂಭವ ಎಷ್ಟು ಎಂಬುದು ಪ್ರಶ್ನೆ. ಗಣಿತದಲ್ಲಿ ನೂರಕ್ಕೆ ೯೬ರವರೆಗೂ ಇದ್ದ ಆ ಸಂಭವ, ಇಂಗ್ಲಿಷ್ ಭಾಷೆ ಸಾಹಿತ್ಯಗಳ ಕಡೆಗೆ ಬಂದಾಗ ಅರ್ಧಕ್ಕಿಂತ ತುಸು ಮೇಲೆ ನಿಂತಿತ್ತು. ಇಂಗ್ಲಿಷ್ ಹುಟ್ಟಿದ ನಾಡಿನಲ್ಲಿ, ತರಬೇತಿ ಪಡೆದ ಪರೀಕ್ಷಕರು, ಉದ್ದುದ್ದ ಕೀಗಳು, ಕಂಪ್ಯೂಟರಿನ ಮೂಲಕ ಹದ್ದಿನ ಕಣ್ಣಿನ ಕಾವಲು ಎಲ್ಲ ಇದ್ದೂ ಹೀಗೆ. ಆದರೂ ಅವರು ತಮ್ಮ ತಕ್ಕಡಿಯ ದೋಷವನ್ನು ತಾವೇ ಅಳೆದು ಊರಿಗೆ ತೋರಿಸಿದರಲ್ಲ, ಅದು ದೊಡ್ಡತನ. ನಮ್ಮಲ್ಲಿ ತಕ್ಕಡಿಯ ಮಾತು ಎತ್ತಿದರೇ ಉಪಾಧ್ಯಾಯರ ನಿಂದೆ ಎಂದು ತಿಳಿಯುತ್ತಾರೆ.

ನಾವು ಗದ್ದಲ ಮಾಡುವುದು ಬೇರೆ ವಿಷಯಕ್ಕೆ. ೨೦೨೪ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ನೂರಕ್ಕೆ ೮೩.೮೯ ಇದ್ದ ಎಸ್.ಎಸ್.ಎಲ್.ಸಿ. ಫಲಿತಾಂಶ ೭೩.೪೦ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ನೂರಕ್ಕೆ ೧೦ರಿಂದ ೨೦ಕ್ಕೆ ಏರಿಸಿದ ಮೇಲೆ. ಕೃಪಾಂಕ ಸರಿಯೇ ತಪ್ಪೇ ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಮಗು ಬರೆಯುವ ಕೊಠಡಿಗೆ ಕ್ಯಾಮರಾ ಬೇಕೆಂದವರು ನೂರು ಜನ. ಅದನ್ನು ತಿದ್ದುವ ಬೆಂಚಿನ ಮೇಲೆ ಒಂದು ಪ್ರಬಂಧಕ್ಕೆ ಎಷ್ಟು ನಿಮಿಷ ಸಿಕ್ಕುತ್ತದೆ ಎಂದು ಕೇಳಿದವರನ್ನು ನಾನು ಕಾಣೆ.

‘ಅನ್ಯಾಯವಾದರೆ ಮರುಮೌಲ್ಯಮಾಪನ ಇದೆಯಲ್ಲ’ ಎನ್ನುತ್ತಾರೆ. ಇದೆ. ಉತ್ತರಪತ್ರಿಕೆಯ ಪ್ರತಿ ತರಿಸಿಕೊಳ್ಳಬಹುದು, ಹಣ ಕಟ್ಟಬಹುದು. ಯಾರು ಕಟ್ಟುತ್ತಾರೆ? ನೂರಕ್ಕೆ ೯೮ ಬಂದು ಇನ್ನೆರಡು ಎಲ್ಲಿ ಹೋಯಿತು ಎಂದು ಕೇಳುವ ಪಟ್ಟಣದ ತಂದೆತಾಯಿಗಳು ಕಟ್ಟುತ್ತಾರೆ. ಹುಣಿಸೆಮರದ ಮಗು ತನ್ನ ಪ್ರಬಂಧಕ್ಕೆ ನಾಲ್ಕರಲ್ಲಿ ಎಷ್ಟು ಬಂತೆಂದು ತಿಳಿಯಲೂ ಹೋಗಿರಲಾರದು. ಒಟ್ಟು ಅಂಕ ಬಂದಿತು, ಅಷ್ಟು ಸಾಕು. ಅಲ್ಲದೆ, ಆ ಮರುಮೌಲ್ಯಮಾಪನವನ್ನು ಮಾಡುವವನೂ ನನ್ನಂಥವನೇ, ಅದೇ ಕೀ ಹಿಡಿದವನೇ.

ಮನುಷ್ಯರ ಗೊಡವೆಯೇ ಬೇಡ, ಯಂತ್ರ ತಿದ್ದಲಿ ಎಂದು ನನ್ನ ತಂಗಿಯ ಮಗ ಹೇಳುತ್ತಾನೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. “ಮಾವ, ಯಂತ್ರಕ್ಕೆ ಬೇಸರವಿಲ್ಲ, ಊಟವಿಲ್ಲ” ಎನ್ನುತ್ತಾನೆ. ಹೌದು, ಯಂತ್ರಕ್ಕೆ ಅಜ್ಜಿಯೂ ಇಲ್ಲ. ಪ್ರಬಂಧಕ್ಕೆ ಅಂಕ ಕೊಡುವ ಯಂತ್ರ ಹೊಸದೇನಲ್ಲ; ಅಮೆರಿಕದ ಎಲಿಸ್ ಪೇಜ್ ೧೯೬೦ರ ದಶಕದಲ್ಲೇ ಅದರ ಕೆಲಸ ಆರಂಭಿಸಿದರು. ಮುಂದೆ ಅಲ್ಲಿಯ ದೊಡ್ಡ ಪರೀಕ್ಷೆಗಳಲ್ಲೂ ಅದು ಬಳಕೆಗೆ ಬಂತು. ಲೆಸ್ ಪೆರೆಲ್‌ಮನ್ ಎಂಬ ಅಧ್ಯಾಪಕರು ೨೦೧೪ರಲ್ಲಿ ಕೆಲವು ವಿದ್ಯಾರ್ಥಿಗಳನ್ನು ಜೊತೆ ಮಾಡಿಕೊಂಡು, ದೊಡ್ಡ ದೊಡ್ಡ ಪದಗಳನ್ನು ಅರ್ಥವಿಲ್ಲದೆ ಹೆಣೆದು ಪ್ರಬಂಧ ಹೊಸೆಯುವ ಇನ್ನೊಂದು ಯಂತ್ರ ಮಾಡಿದರು. ಆ ಪ್ರಲಾಪಕ್ಕೆ ತಿದ್ದುವ ಯಂತ್ರಗಳು ಮೇಲುಮಟ್ಟದ ಅಂಕ ಕೊಟ್ಟವು. ಈಗಿನ ಯಂತ್ರಗಳು ಆಗಿನವಕ್ಕಿಂತ ಬಹಳ ಜಾಣವೆಂದು ಸೋದರಳಿಯ ಪ್ರಮಾಣ ಮಾಡುತ್ತಾನೆ. ಇರಬಹುದು, ಒಪ್ಪೋಣ. ಆದರೆ ಬಾಯಿಪಾಠದ ಪ್ರಬಂಧವೇ ಆದರ್ಶವೆಂದು ನಮ್ಮ ಕೀ ಹೇಳುವವರೆಗೆ, ಎಷ್ಟು ಜಾಣ ಯಂತ್ರ ಬಂದರೂ ನಾವು ಅದಕ್ಕೆ ಕಲಿಸುವುದು ಅದನ್ನೇ ತಾನೆ?

ಹಾಗಾದರೆ ಏನು ಮಾಡಬೇಕು? ಇಂಗ್ಲೆಂಡಿನಲ್ಲಿಯೇ ಜೇಮ್ಸ್ ಬ್ರಿಟನ್, ನ್ಯಾನ್ಸಿ ಮಾರ್ಟಿನ್, ಹೆರಾಲ್ಡ್ ರೋಸೆನ್ ಎಂಬವರು ೧೯೬೬ರಲ್ಲಿ ಒಂದು ದಾರಿ ತೋರಿಸಿದ್ದಾರೆ. ಒಂದು ಪ್ರಬಂಧವನ್ನು ಒಬ್ಬ ಪರೀಕ್ಷಕ ಕೀ ಹಿಡಿದು ಅಳೆದೂ ಸುರಿದೂ ತಿದ್ದುವ ಬದಲು, ಮೂವರು ಬೇರೆ ಬೇರೆಯಾಗಿ ಬೇಗ ಓದಿ, ಒಟ್ಟಿನಲ್ಲಿ ಇದು ಎಷ್ಟರಮಟ್ಟಿನದು ಎಂದು ಅಂಕ ಹಾಕುವುದು, ಕಾಗುಣಿತ ವ್ಯಾಕರಣಗಳಿಗೆ ಮಾತ್ರ ನಾಲ್ಕನೆಯವನೊಬ್ಬ ಬೇರೆ ನೋಡುವುದು, ಎಲ್ಲವನ್ನೂ ಕೂಡುವುದು. ಹೀಗೆ ಬಂದ ಅಂಕ, ಒಬ್ಬನ ಕಟ್ಟುನಿಟ್ಟಿನ ಅಂಕಕ್ಕಿಂತ ಹೆಚ್ಚು ನಂಬತಕ್ಕದ್ದಾಗಿ ಕಂಡಿತು. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಊರಿನಲ್ಲಿ ಎತ್ತು ಕೊಳ್ಳುವಾಗ ನಾವು ಮಾಡುವುದೂ ಇದನ್ನೇ. ಒಬ್ಬನ ಕಣ್ಣಿಗೆ ಬಿಡುವುದಿಲ್ಲ; ಹಲ್ಲು ನೋಡುವವನು ಹಲ್ಲು ನೋಡುತ್ತಾನೆ, ನಡೆ ನೋಡುವವನು ನಡೆ ನೋಡುತ್ತಾನೆ.

ನಮ್ಮಲ್ಲಿ ಮೂವರು ಬೇಡ, ಇಬ್ಬರಾದರೂ ಇರಲಿ. ಒಬ್ಬರು ಹಾಕಿದ ಅಂಕ ಮತ್ತೊಬ್ಬರಿಗೆ ಕಾಣಬಾರದು. ಇಬ್ಬರ ನಡುವೆ ಅಂತರ ಹೆಚ್ಚಿದ್ದರೆ ಮಾತ್ರ ಮೂರನೆಯವರು ಓದಲಿ. ಎಂಟು ಲಕ್ಷ ಮಕ್ಕಳು ಬರೆಯುವ ಪರೀಕ್ಷೆಯಲ್ಲಿ ಇದು ಸಾಧ್ಯವೆ ಎಂದು ಲೆಕ್ಕದವರು ಕೇಳುತ್ತಾರೆ, ಕೇಳಬೇಕಾದದ್ದೇ. ಆದರೆ ನಾನು ೮೦ ಅಂಕದ ಪತ್ರಿಕೆಯನ್ನೆಲ್ಲ ಎರಡು ಸಲ ತಿದ್ದಿ ಎಂದು ಹೇಳುತ್ತಿಲ್ಲ. ಪತ್ರ ಒಂದು, ಪ್ರಬಂಧ ಒಂದು, ಎರಡು ಪುಟ. ಅವನ್ನು ಉತ್ತರಪತ್ರಿಕೆಯ ಕೊನೆಯಲ್ಲಿ ಕಿತ್ತು ತೆಗೆಯಬಹುದಾದ ಹಾಳೆಯಲ್ಲಿ ಬರೆಸಿದರೆ ಮುಗಿಯಿತು. ಖರ್ಚು ಹೆಚ್ಚುವುದು ನಿಜ. ದಿನಕ್ಕೆ ಇಷ್ಟು ಕಟ್ಟು ಎಂಬ ಲೆಕ್ಕವೂ ಸಡಿಲವಾಗಬೇಕು, ತಿದ್ದುವವರಿಗೆ ಕೊಡುವ ಭತ್ಯವೂ ಸ್ವಲ್ಪ ಏರಬೇಕು. ಇಬ್ಬರು ಓದಿದ ಮಾತ್ರಕ್ಕೆ ನ್ಯಾಯ ದೊರಕಿಯೇ ತೀರುತ್ತದೆ ಎಂದೂ ನಾನು ಹೇಳಲಾರೆ. ಇಬ್ಬರೂ ನನ್ನಂತೆ ಕಾಗುಣಿತದವರೇ ಆಗಿಬಿಟ್ಟರೆ ಆ ಮಗುವಿಗೆ ಎರಡು ಸಲ ಒಂದು ಅಂಕ ಬರುತ್ತದೆ.

ಅದಕ್ಕಾಗಿಯೇ ಕೀಯ ರೂಪವೂ ಬದಲಾಗಬೇಕು. ಪೀಠಿಕೆಗೆ ಇಷ್ಟು, ಮುಕ್ತಾಯಕ್ಕೆ ಇಷ್ಟು ಎಂಬ ಪಟ್ಟಿಯ ಬದಲು, ಮಕ್ಕಳೇ ಬರೆದ ಐದಾರು ಪ್ರಬಂಧಗಳನ್ನು, ತಪ್ಪು ಒಪ್ಪುಗಳ ಸಮೇತ, ಅಚ್ಚು ಹಾಕಿಸಿ ಪರೀಕ್ಷಕರ ಕೈಗೆ ಕೊಡಲಿ. ಇದು ನಾಲ್ಕರ ಬರಹ, ಇದು ಎರಡರದು, ಯಾಕೆಂದರೆ ಹೀಗೆ ಎಂದು ಮೊದಲ ದಿನ ಒಂದು ಗಂಟೆ ಕೂತು ಜಗಳವಾಡಲಿ. ನಾಲ್ಕರ ಮಾದರಿಗಳಲ್ಲಿ ಒಂದಾದರೂ ವ್ಯಾಕರಣ ಮುರಿದ, ಆದರೆ ಸ್ವಂತವಾಗಿ ಹೇಳಿದ ಬರಹವಿರಲಿ. ಬಾಯಿಪಾಠದ್ದು ಎರಡರ ಮಾದರಿಯಾಗಿರಲಿ. ಪ್ರಶ್ನೆ ಕೇಳುವವರೂ ಮರ, ಗ್ರಂಥಾಲಯಗಳನ್ನು ಬಿಟ್ಟು, ‘ನಿಮ್ಮ ಬೀದಿಯಲ್ಲಿ ಈ ಐದು ವರ್ಷದಲ್ಲಿ ಇಲ್ಲವಾದ ಒಂದು ವಸ್ತುವಿನ ಬಗ್ಗೆ ಬರೆಯಿರಿ’ ಎಂಬಂಥದನ್ನು ಕೇಳಲಿ. ಗೈಡಿನವರು ಎಷ್ಟು ಬೀದಿಗಳಿಗೆಂದು ಪ್ರಬಂಧ ಬರೆದಾರು?

ಮಟ್ಟ ಇಳಿಯುತ್ತದೆ ಎಂಬ ಕೂಗು ಇಲ್ಲಿಗೆ ಎದ್ದೇ ಏಳುತ್ತದೆ. ಮುರಿದ ಇಂಗ್ಲಿಷಿಗೆ ನಾಲ್ಕು ಅಂಕವೆ? ಈ ಕೂಗನ್ನು ನಾನು ಲಘುವಾಗಿ ಕಾಣುವುದಿಲ್ಲ. ನಾನೂ ವ್ಯಾಕರಣದಲ್ಲಿ ಮುಳುಗಿ ಎದ್ದವನೇ. ‘ಡಿಡ್ ನಾಟ್ ವೆಂಟ್’ ಎಂಬುದನ್ನು ಕಂಡರೆ ಇಂದಿಗೂ ಕೈ ಕೆಂಪು ಪೆನ್ನನ್ನು ಹುಡುಕುತ್ತದೆ. ವ್ಯಾಕರಣಕ್ಕೆ ಪತ್ರಿಕೆಯಲ್ಲಿ ಬೇರೆ ಪ್ರಶ್ನೆಗಳಿವೆ, ಅಲ್ಲಿ ಎಷ್ಟು ಬೇಕಾದರೂ ಕಟ್ಟುನಿಟ್ಟಾಗಿರೋಣ. ಆದರೆ ಮಟ್ಟ ಎಂದು ನಾವು ಈಗ ಕಾಯುತ್ತಿರುವುದಾದರೂ ಏನನ್ನು? ಕಾಲೇಜಿಗೆ ಹೋದ ಮೇಲೆ, ಶುದ್ಧ ಪ್ರಬಂಧ ಬರೆದು ಮೂರೂವರೆ ತೆಗೆದುಕೊಂಡ ಹುಡುಗ ರಜೆಯ ಅರ್ಜಿಯನ್ನು ತಾನಾಗಿ ಬರೆಯಲಾರದೆ ಪಕ್ಕದವನದನ್ನು ನೋಡಿ ಇಳಿಸುತ್ತಾನೆ. ಪಕ್ಕದವನಿಗೆ ಜ್ವರವಿದ್ದರೆ ಇವನಿಗೂ ಜ್ವರ. ತನ್ನ ಅಜ್ಜಿಯ ವಿಷಯವನ್ನು ಮುರಿದ ಇಂಗ್ಲಿಷಿನಲ್ಲಿ ಹೇಳಲು ಹೊರಟ ಮಗುವಿಗೆ ಭಾಷೆಯನ್ನು ಕಲಿಸಬಹುದು, ಏಕೆಂದರೆ ಅದಕ್ಕೆ ಹೇಳುವುದೇನೋ ಇದೆ. ಒಂದು ಅಂಕ ಹಾಕಿ ಅದನ್ನು ಗೈಡಿನ ಅಂಗಡಿಗೆ ಅಟ್ಟಿದವನು ನಾನು. ತಂಗಿಯೋ ತಮ್ಮನೋ ಮುಂದಿನ ವರ್ಷ ಪರೀಕ್ಷೆಗೆ ಕುಳಿತಿದ್ದರೆ, ‘ಸ್ವಂತ ಬರೆಯಬೇಡ, ಅಂಕ ಬರುವುದಿಲ್ಲ’ ಎಂದು ಆ ಮಗುವೇ ಹೇಳಿಕೊಟ್ಟಿರಬೇಕು.

ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ಮುನ್ನ ಹೆಡ್ಮಾಸ್ತರರಿಗೆ ಓದಿ ತೋರಿಸಿದೆ. ಬೆನ್ನ ಹಿಂದೆ ಬರೆಯುವುದು ಸರಿಯಲ್ಲ. ಅವರು ಕೋಪಿಸಿಕೊಳ್ಳಲಿಲ್ಲ. “ನಿಮಗೆ ಕೀ ಬರೆಯುವುದಕ್ಕೆ ಬಾರದು, ಅದಕ್ಕೇ ಹೀಗೆ ಹೇಳುತ್ತೀರಿ” ಎಂದರು. ಆಗಲಿ ಎಂದು, ನನ್ನ ಹಳೆಯ ವಿದ್ಯಾರ್ಥಿಗಳ ಹತ್ತು ಪ್ರಬಂಧಗಳನ್ನು ಹೆಸರು ತೆಗೆದು ಅವರಿಗೆ ಕೊಟ್ಟು, ತಮಗೆ ಬೇಕಾದಷ್ಟು ಬಿಗಿಯಾಗಿ ತಾವೇ ಕೀ ಬರೆದುಕೊಂಡು ತಿದ್ದಿಕೊಡಬೇಕೆಂದು ಕೇಳಿಕೊಂಡೆ. ಒಂದು ವಾರದಲ್ಲಿ ತಿದ್ದಿ ಕಳುಹಿಸಿದರು. ಎರಡು ತಿಂಗಳಾದ ಮೇಲೆ ಅದೇ ಹತ್ತನ್ನು ಬೇರೆ ಪ್ರತಿ ಮಾಡಿಸಿ, ಹಿಂದು ಮುಂದು ಮಾಡಿ, ಅವರ ಕೀಯ ಜೊತೆಯಲ್ಲಿಯೇ ಮತ್ತೆ ಕಳುಹಿಸಿದ್ದೇನೆ. ಕಟ್ಟು ಈಗ ಅವರ ಮನೆಯ ಜಗುಲಿಯ ಮೇಜಿನ ಮೇಲಿದೆ. ಮೂರು ವಾರವಾಯಿತು, ಸ್ಕೂಟರಿನಲ್ಲಿ ಎದುರಾದಾಗ ಕೈ ಬೀಸುತ್ತಾರೆ, ನಿಲ್ಲಿಸುವುದಿಲ್ಲ.